ಆರು ವಾರದ ಮೇಡಂ ಕೊಟ್ಟ ಸೊನ್ನೆ

ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಇಷ್ಟು ವರ್ಷ ಕಾದೆ. ಅದು ಇಳಿಯುವ ಲಕ್ಷಣ ಕಾಣಲಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಮುದ್ದೇಬಿಹಾಳದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಇಂಗ್ಲೆಂಡಿನ ಯಾವುದೋ ಕಾಲೇಜಿನವರು, ಇಂಗ್ಲಿಷ್ ಕಲಿಸುವ ತರಬೇತಿಯಲ್ಲಿದ್ದ ತಮ್ಮ ವಿದ್ಯಾರ್ಥಿಗಳನ್ನು ಆರು ವಾರ ಪರದೇಶದ ಶಾಲೆಗಳಲ್ಲಿ ಪಾಠ ಮಾಡಿ ಬರಲು ಕಳಿಸುತ್ತಿದ್ದರು. ಇಂಡಿಗೊಬ್ಬ, ಸಿಂದಗಿಗೊಬ್ಬ ಹೋದರು. ನಮ್ಮ ಪಾಲಿಗೆ ಇಪ್ಪತ್ತೆರಡರ ಹುಡುಗಿಯೊಬ್ಬಳು ಬಂದಳು, ಶಾಲೆಗೆಲ್ಲ ಅವಳು ‘ಮೇಡಂ’. ಕೆಟ್ಟವಳಲ್ಲ. ಖಡಕ್ ರೊಟ್ಟಿ ಮುರಿದು ತಿನ್ನಲು ಕಲಿತಳು, ಎಡಗೈಯಲ್ಲಿ ಏನನ್ನೂ ಕೊಡುತ್ತಿರಲಿಲ್ಲ. ಅದನ್ನೆಲ್ಲ ಅವಳ ಕಾಲೇಜಿನವರು ಒಂದು ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿ ಕೊಟ್ಟಿದ್ದರು. ಅವಳು ಪಾಠ ಮಾಡುವಾಗ ನಾನು ಹಿಂದಿನ ಬೆಂಚಿನಲ್ಲಿ ಕೂತು ಟಿಪ್ಪಣಿ ಬರೆಯಬೇಕು, ನಡುವೆ ಬಾಯಿ ಹಾಕಬಾರದು. ಅಷ್ಟು ವರ್ಷ ಕಲಿಸಿದವಳು ನಾನು, ಕಲಿಯಲು ಬಂದವಳ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಹತ್ತನೆಯ ತರಗತಿಯ ಮಕ್ಕಳನ್ನು ಓದಿಸಿ ನೋಡುವ ಕೆಲಸವನ್ನೂ ಹೆಡ್‌ಮಾಸ್ತರರು ಅವಳಿಗೇ ಒಪ್ಪಿಸಿದರು. “ಓದಾಕ ಬರಲಾರದವರ ಫಾರ್ಮ್ ಈ ವರ್ಷ ಪರೀಕ್ಷಾಕ್ಕ ಕಳಸೂದು ಬ್ಯಾಡ್ರಿ. ಸಾಲಿ ರಿಜಲ್ಟ್ ಕೆಡತೈತಿ” ಎಂದು ನನಗೆ ಹೇಳಿದರು.

ಆ ತರಗತಿಯಲ್ಲಿ ಒಬ್ಬ ಹುಡುಗಿಗೆ ಮದುವೆಯಾಗಿತ್ತು. ಪರೀಕ್ಷೆ ಮುಗಿಯುವವರೆಗೆ ತವರಿನಲ್ಲಿರಲು ನಾಲತವಾಡದ ಅತ್ತೆಮನೆಯವರು ಒಪ್ಪಿದ್ದರು. ಪಾಸಾದರೆ ಟೀಚರ್ ಟ್ರೇನಿಂಗಿಗೆ ಕಳಿಸುವ ಮಾತನ್ನೂ ಆಡಿದ್ದರು. ಇಂಗ್ಲಿಷಿನಲ್ಲಿ ಇಡೀ ತರಗತಿಗೇ ಅವಳು ಮುಂದು.

ಅವಳ ಪಾಲಿಗೆ ಬಂದ ಪುಟದಲ್ಲಿ ಒಬ್ಬ ಹುಡುಗ ಕಳೆದುಹೋದ ಎಮ್ಮೆಯನ್ನು ಹುಡುಕುತ್ತಾನೆ. ಅವನ ಹೆಸರೂ ಇವಳ ಗಂಡನ ಹೆಸರೂ ಒಂದೇ. ಗಂಡನ ಹೆಸರನ್ನು ಬಾಯಿಂದ ಆಡುವ ಹೆಂಗಸು ನಮ್ಮಲ್ಲಿ ಆಗ ಎಲ್ಲಿದ್ದಳು? ನಾನು ಆ ಪಾಠ ಮಾಡಿದಾಗ, ಹೆಸರು ಬಂದಲ್ಲೆಲ್ಲ ‘ದಟ್ ಬಾಯ್’ ಎಂದು ಸೇರಿಸಿಕೊಂಡು ಸಲೀಸಾಗಿ ಓದಿದ್ದಳು. ಅಂದೂ ಹಾಗೆಯೇ ಶುರು ಮಾಡಿದಳು.

“ಅಲ್ಲ, ಅಚ್ಚಾಗಿರುವುದನ್ನು ಓದು” ಎಂದಳು ಮೇಡಂ, ಇಂಗ್ಲಿಷಿನಲ್ಲಿ.

ಹುಡುಗಿ ಮತ್ತೆ ‘ದಟ್ ಬಾಯ್’ ಎಂದಳು. ಮೇಡಂ ಆ ಹೆಸರಿನ ಮೇಲೆ ಬೆರಳಿಟ್ಟಳು. ಹುಡುಗಿ ತಲೆ ತಗ್ಗಿಸಿ ಸುಮ್ಮನಾದಳು. ಗೆಳತಿಯರು ಬಾಯಿಗೆ ಕೈ ಅಡ್ಡ ಹಿಡಿದು ಮುಸಿಮುಸಿ ನಕ್ಕರು. ದಡ್ಡಿಯನ್ನು ಕಂಡು ನಗುತ್ತಿದ್ದಾರೆಂದು ಮೇಡಂ ಅವರನ್ನು ಗದರಿದಳು. ಮತ್ತೆ ಮತ್ತೆ ಕೇಳಿ, ಕೊನೆಗೆ ಸೊನ್ನೆ ಕೊಟ್ಟಳು. ‘ಅಕ್ಷರ ಗುರುತಿಸಲಾರಳು, ಊಹಿಸಿ ಓದುತ್ತಾಳೆ’ ಎಂದು ಷರಾ ಬೇರೆ.

ಗಂಟೆ ಹೊಡೆದ ಮೇಲೆ ನಾನು ಮೇಡಮ್ಮಿಗೆ ವಿಷಯ ತಿಳಿಸಿದೆ. ಅವಳು ಕಣ್ಣರಳಿಸಿದಳು. ಎಷ್ಟು ಸ್ವಾರಸ್ಯ ಎನ್ನುತ್ತ, ತನ್ನ ಕಾಲೇಜಿಗೆ ಒಪ್ಪಿಸಬೇಕಿದ್ದ ದಿನಚರಿ ತೆಗೆದು ಒಂದು ಪುಟ ತುಂಬಿಸಿದಳು. ಸೊನ್ನೆ ಮಾತ್ರ ಹಾಗೇ ಉಳಿಯಿತು. ಎಲ್ಲರಿಗೂ ಒಂದೇ ಅಳತೆ ಇರಬೇಕಂತೆ! ಒಬ್ಬಳ ಓದಿಗೆ ಅಡ್ಡ ಬಂದದ್ದು ಇನ್ನೊಬ್ಬಳಿಗೆ ಒಳ್ಳೆಯ ಅಂಕ ತರುವ ಪುಟವಾಯಿತಲ್ಲ ಎಂದು ನನ್ನ ಮೈಯೆಲ್ಲ ಉರಿಯಿತು.

ಅವಳಾದರೂ ಹೊರಗಿನವಳು. ಹೆಡ್‌ಮಾಸ್ತರರು? ಬಸವನ ಬಾಗೇವಾಡಿಯಲ್ಲಿ ಹುಟ್ಟಿ ಬೆಳೆದವರು.

“ಸರ್, ನಿಮ್ಮ ಮನಿಯವರು ನಿಮ್ಮನ್ನ ಹೆಸರ ಹಿಡದ ಕರೀತಾರೇನ್ರಿ?” ಎಂದು ಕೇಳಿಯೇ ಬಿಟ್ಟೆ.

“ಅದೆಲ್ಲಾ ನನಗೂ ಗೊತ್ತೈತ್ರಿ. ಖರೇ, ಇಂಗ್ಲೆಂಡಿನವರು ಬರದದ್ದನ್ನ ನಾವು ಹೊಡದ ಹಾಕಿದ್ರ ಸಾಲಿ ಮರ್ಯಾದಿ ಏನ ಉಳೀತೈತಿ?”

“ಬೋರ್ಡಿನ ಪರೀಕ್ಷಾದಾಗ ಓದಿ ಹೇಳೂದ ಇಲ್ಲಲ್ರಿ, ಬರಿಯೂದಷ್ಟ. ಆಕಿ ಬರೀತಾಳ್ರಿ.”

“ಮುಂದಿನ ವರ್ಷ ನೋಡೂಣ್ರಿ” ಎಂದು ಅವರು ಕಡತ ಮುಚ್ಚಿದರು. ಆ ಹುಡುಗಿಗೆ ಮುಂದಿನ ವರ್ಷ ಎಂಬುದೇ ಇಲ್ಲವೆಂದು ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ.

ಫಾರ್ಮ್ ಹೋಗಲಿಲ್ಲವೆಂಬ ಸುದ್ದಿ ನಾಲತವಾಡ ಮುಟ್ಟಲು ತಡವಾಗಲಿಲ್ಲ. ಹುಡುಗಿಯ ಮಾವ ಶಾಲೆಗೆ ಬಂದು, “ಓದಾಕ ಬರೂದಿಲ್ಲಂತ ಬಿಳೀ ಮೇಡಂ ಬರದಾಳ ಅಂದಮ್ಯಾಲ ಇನ್ನ ಯಾಕ ಕಲಸೂದ್ರಿ?” ಎಂದರು. ಸೊಸೆಯನ್ನು ಕರೆದೊಯ್ಯುವ ದಿನ ಗೊತ್ತು ಮಾಡಿಕೊಂಡು ಹೋದರು. ಅಷ್ಟರಲ್ಲಿ ಮೇಡಂ ಆರು ವಾರ ಮುಗಿಸಿ, ಹಾರ ಹಾಕಿಸಿಕೊಂಡು, ಬಸ್ಸು ಹತ್ತಿ ಆಗಿತ್ತು.

ಹೊರಡುವ ಮುಂಚೆ ಹುಡುಗಿ ನನ್ನ ಡಿಕ್ಷನರಿ ಮರಳಿಸಲು ಮನೆಗೆ ಬಂದಳು. ನಾನು ಹೆಡ್‌ಮಾಸ್ತರರನ್ನೂ ಮೇಡಮ್ಮನ್ನೂ ಬಾಯಿಗೆ ಬಂದಂತೆ ಬೈದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

“ಅಕ್ಕೋರ, ಅವತ್ತ ಆ ಹೆಸರ ನಾ ಹೇಳೂ ಹಂಗ ಇರಲಿಲ್ರಿ” ಎಂದಳು. “ನೀವು ಅಲ್ಲೇ ಕುಂತಿದ್ರಿ. ನೀವರ ಹೇಳಬೇಕಾಗಿತ್ರಿ.”

ಸೊನ್ನೆ ಬೀಳುವ ಮುಂಚೆ ಕೂತಲ್ಲಿಂದ ಎದ್ದು ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ಆಡಲಿಲ್ಲ.