ಬಾಗಿಲು ಮುಚ್ಚುವ ಹಬ್ಬ

ನಾನು ಚಿಕ್ಕವನಿದ್ದಾಗ ನಮ್ಮೂರು ತಾಂಬಾದಲ್ಲಿ ಯೆಹೂದಿಗಳ ಮನೆ ಎಂದರೆ ನಮ್ಮದೊಂದೇ. ಅಪ್ಪ ಕೊಂಕಣದ ಕಡೆಯಿಂದ ಬಂದ ಬಡಿಗ, ಅವ್ವ ಸರಕಾರಿ ನರ್ಸು. ಮನೆಯಲ್ಲಿ ಮರಾಠಿ, ಕನ್ನಡ ಎರಡನ್ನೂ ಕಲಸಿ ಮಾತಾಡುತ್ತಿದ್ದೆವು. ನಮ್ಮ ಪ್ರಾರ್ಥನಾ ಮಂದಿರಗಳು ದೂರದ ಪುಣೆ, ಮುಂಬೈಗಳಲ್ಲಿದ್ದವು. ಹಾಗಾಗಿ ಹಬ್ಬ ಬಂತೆಂದರೆ ಅಪ್ಪ ಕೆಲಸ ಮಾಡುವ ಪಡಸಾಲೆಯನ್ನೇ ಗುಡಿಸಿ, ಸಾರಿಸಿ ಮಂದಿರ ಮಾಡಿಕೊಳ್ಳುತ್ತಿದ್ದೆವು.

ಮಳೆಗಾಲ ಮುಗಿಯುವ ಹೊತ್ತಿಗೆ ಬಾಗಿಲು ಮುಚ್ಚುವ ಹಬ್ಬ ಬರುತ್ತಿತ್ತು. ಹಿಂದಿನ ದಿನ ಅಪ್ಪ ಓಣಿಯ ಮನೆಮನೆಗೂ ಹೋಗಿ, "ನನ್ನಿಂದೇನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ" ಎಂದು ಕೇಳಿಕೊಂಡು ಬರುತ್ತಿದ್ದ. ಸಂಜೆ ಎಲ್ಲರೂ ಬಿಳಿ ಬಟ್ಟೆ ಉಟ್ಟು ಅಗಳಿ ಹಾಕಿದರೆ, ಮರುದಿನ ಚುಕ್ಕಿ ಮೂಡುವವರೆಗೆ ಬಾಗಿಲು ತೆಗೆಯುವಂತಿಲ್ಲ. ಅನ್ನವಿಲ್ಲ, ನೀರೂ ಇಲ್ಲ. ಸಣ್ಣ ಮಕ್ಕಳು ಉಣ್ಣಬಹುದಿತ್ತು. ಆದರೂ ಆ ವರ್ಷ ಅಕ್ಕನಂತೆ ನಾನೂ ಉಪವಾಸ ಇರುತ್ತೇನೆಂದು ಹಟ ಹಿಡಿದೆ.

ಬೆಳಿಗ್ಗೆಯಿಂದ ಅಪ್ಪ ಪ್ರಾರ್ಥನೆ ಓದುತ್ತಿದ್ದ. ಪಡಸಾಲೆಯ ತುಂಬ ಸಾಗವಾನಿ ಹೊಟ್ಟಿನ ವಾಸನೆ. ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿದಾಗಲೆಲ್ಲ ನನ್ನ ಹೊಟ್ಟೆ ಚುರ್ ಅನ್ನುತ್ತಿತ್ತು.

ಮಧ್ಯಾಹ್ನ ಯಾರೋ ಬಾಗಿಲು ಬಡಿದರು.

"ನರ್ಸಬಾಯಾರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಹಬ್ಬ ಅಂತ ಗೊತ್ತೈತ್ರಿ. ಸೊಸಿಗೆ ಹೆರಿಗಿ ಬ್ಯಾನಿ ಸುರು ಆಗ್ಯಾವು, ಭಾಳ ತ್ರಾಸ ಆಗಾಕತ್ತೈತಿ."

ಪಕ್ಕದ ಮನೆಯ ಚಾಚಾನ ದನಿ. ಪ್ರತಿ ವರ್ಷ ಆ ದಿನ ನಮ್ಮ ಬಾಗಿಲಿಗೆ ಬಂದವರನ್ನೆಲ್ಲ, "ಇವತ್ತ ಅವರನ್ನ ಕರೀಬ್ಯಾಡ್ರಿ" ಎಂದು ತಿರುಗಿ ಕಳಿಸುತ್ತಿದ್ದವನೇ ಅವನು.

ಅವ್ವ ಎದ್ದು ನಿಂತಳು. ನಾನು ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತೆ. "ಚುಕ್ಕಿ ಮೂಡಿಲ್ಲ. ದೇವರು ಸಿಟ್ಟಾಗ್ತಾನ!" ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಅಗಳಿ ತೆಗೆದ. ಅವ್ವ ಬಿಳಿ ಸೀರೆಯಲ್ಲೇ ಚೀಲ ಹಿಡಿದು ಹೋದಳು.

ಬಿಸಿಲು ಇಳಿಯುತ್ತ ಬಂದರೂ ಕೂಸಿನ ಅಳು ಕೇಳಲಿಲ್ಲ. ಓದು ನಿಲ್ಲಿಸಿದ ಅಪ್ಪ ತಂಬಿಗೆಯಲ್ಲಿ ನೀರು ತುಂಬಿ ನನ್ನ ಕೈಗೆ ಕೊಟ್ಟ. "ಅವ್ವಗ ಕೊಡು. ಕುಡೀಬೇಕಂತ, ನಾ ಹೇಳೇನಿ ಅಂತ ಹೇಳು."

ಚಾಚಾನ ಮನೆಯ ಒಳಬಾಗಿಲಿಗೆ ಬಂದ ಅವ್ವನ ಮುಖ ಬೆವತು ಬಿಳಿಚಿಕೊಂಡಿತ್ತು. ತಂಬಿಗೆ ನೋಡಿ, "ನಿಮ್ಮಪ್ಪಾರ ಕುಡಿ ಅಂದ್ರೇನು?" ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ. ನಿಂತಲ್ಲೇ ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದಳು. ದನಗಳು ಅಡವಿಯಿಂದ ಮರಳುವ ಹೊತ್ತಿಗೆ ಕೂಸು ಅತ್ತಿತು. ತಾಯಿಯೂ ಉಳಿದಳು.

"ಅವ್ವನ ಉಪವಾಸ ಮುರೀತಲ್ಲ?" ಎಂದು ಅಪ್ಪನನ್ನು ಕೇಳಿದೆ.

"ಬಾಗಲಾ ಹಾಕ್ಕೊಂಡು ಕುಂತದ್ದು ಯಾತಕ್ಕ? ದೇವರು ಏನಂತಾನ ಕೇಳೂಣು ಅಂತ. ಮಧ್ಯಾಹ್ನ ಕೇಳಿಸ್ತು. ಕೇಳಿದ ಮ್ಯಾಲೂ ಕುಂತ್ರ ಹೆಂಗ?" ಎಂದು ಹೇಳಿ ಅಪ್ಪ ಮತ್ತೆ ಓದತೊಡಗಿದ. ಹಬ್ಬವೆಂದರೆ ಹಸಿದುಕೊಂಡಿರುವುದು ಎಂದೇ ಅಲ್ಲಿಯವರೆಗೆ ತಿಳಿದಿದ್ದೆ. ಆ ಸಂಜೆ ಅವನ ಪಕ್ಕಕ್ಕೆ ಹೋಗಿ ಕುಳಿತು ನಾನೂ ಕಿವಿಗೊಟ್ಟೆ.

ಮೊಮ್ಮಕ್ಕಳೇ, ಈಗ ಈ ಹಬ್ಬಕ್ಕೆ ನಿಮ್ಮ ಜೊತೆ ನಾನೂ ಪುಣೆಯ ದೊಡ್ಡ ಮಂದಿರಕ್ಕೆ ಬರುತ್ತೇನೆ. ಅಲ್ಲಿ ಬಹಳ ಜನ ಸೇರಿ ಹಾಡುತ್ತಾರೆ. ನನ್ನ ಅಪ್ಪ ತಡವರಿಸಿ ಓದುತ್ತಿದ್ದ ಹೀಬ್ರೂ ನಿಮಗೆ ಸರಾಗವಾಗಿ ಬರುತ್ತದೆ. ಹೆರಿಗೆಗೆ ಆಸ್ಪತ್ರೆ ಇದೆ, ಫೋನ್ ಮಾಡಿದರೆ ಗಾಡಿ ಬರುತ್ತದೆ. ಒಳ್ಳೆಯದೇ ಆಯಿತು. ಆದರೆ ಪ್ರಾರ್ಥನೆಯ ನಡುವೆಯೂ ನನ್ನ ಒಂದು ಕಿವಿ ರಸ್ತೆಯ ಕಡೆಗೇ ಇರುತ್ತದೆ. ಅಜ್ಜನಿಗೆ ಗಮನವೇ ಇಲ್ಲ ಎಂದು ನೀವು ನಗುತ್ತೀರಿ. ನಗಿರಿ.