ಯೂ-ಯೆ ಬಿಡಿಸಿದ ಅಕ್ಷರಗಳು

ಚಿಯಾಯಿ ಊರಿನ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಚುವಾಂಗ್ ಮನೆತನದ ಅಚ್ಚುಕೂಟವಿತ್ತು. ಮದುವೆ ಪತ್ರಿಕೆ, ರಸೀದಿ ಪುಸ್ತಕ ಎಲ್ಲವನ್ನೂ ಅಲ್ಲಿ ಅಚ್ಚು ಹಾಕುತ್ತಿದ್ದರೂ ಅದು ಹೆಸರು ಮಾಡಿದ್ದು ವಂಶಾವಳಿಗಳಿಂದ. ಹಲವು ತಲೆಮಾರುಗಳ ಸಾವಿರಾರು ಹೆಸರುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವವಳು ಕೋ ಯೂ-ಯೆ. ಐವತ್ತೆಂಟರ ಹೆಂಗಸು. ಮದುವೆಯಾಗಿರಲಿಲ್ಲ. ಇಪ್ಪತ್ತಮೂರು ವರ್ಷಗಳಿಂದ ಅದೇ ಕುರ್ಚಿಯಲ್ಲಿ ಕೂತವಳು.

ಚೀನೀ ಲಿಪಿಯಲ್ಲಿ ಒಂದೊಂದು ಪದಕ್ಕೂ ಒಂದೊಂದು ಬೇರೆಯೇ ಅಕ್ಷರ, ಹಾಗಾಗಿ ಹೆಸರುಗಳ ವಿಷಯದಲ್ಲಿ ಒಂದು ತೊಡಕಿತ್ತು. ಜೋಯಿಸನ ಮಾತು ಕೇಳಿ ಯಾವನೋ ತಂದೆ ಮಗಳ ಹೆಸರಿನ ಅಕ್ಷರಕ್ಕೆ ನೀರನ್ನು ಸೂಚಿಸುವ ಮೂರು ಚುಕ್ಕಿ ಸೇರಿಸಿರುತ್ತಾನೆ. ಜನನ ದಾಖಲೆ ಬರೆಯುವ ಗುಮಾಸ್ತ ಕೈತಪ್ಪಿ ಒಂದು ಗೆರೆ ಹೆಚ್ಚು ಎಳೆದಿರುತ್ತಾನೆ. ಆ ತಪ್ಪೇ ಒಬ್ಬ ಮನುಷ್ಯನ ಹೆಸರಾಗಿ ಗೋರಿಕಲ್ಲಿನ ತನಕ ಹೋಗಿರುತ್ತದೆ. ಇಂಥ ಅಕ್ಷರಗಳು ಕಂಪ್ಯೂಟರಿನಲ್ಲಿ ಇರುವುದಿಲ್ಲ. ಯೂ-ಯೆ ಅವನ್ನು ಪರದೆಯ ಚೌಕುಳಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿಡಿಸಿ ಒಳಗೆ ಸೇರಿಸುತ್ತಿದ್ದಳು. ಹಾಗೆ ಸೇರಿದವು ಮೂರು ಸಾವಿರಕ್ಕೂ ಹೆಚ್ಚು.

ಮಾಲೀಕನಾದ ಮುದುಕ ಚುವಾಂಗ್ ಹಾಸಿಗೆ ಹಿಡಿದ ಮೇಲೆ ಅಚ್ಚುಕೂಟ ಸೊಸೆ ಪೇ-ಶಾನಳ ಕೈಗೆ ಬಂತು. ಅಷ್ಟು ಹೊತ್ತಿಗೆ ಯೂ-ಯೆಯ ಕಂಪ್ಯೂಟರ್ ತೀರಾ ಸೋತಿತ್ತು. ಬೆಳಿಗ್ಗೆ ಗುಂಡಿ ಒತ್ತಿದರೆ ಅವಳು ಸೋಯಾ ಹಾಲು ಕುಡಿದು ಮೂಲಂಗಿ ಕಡುಬು ತಿಂದು ಮುಗಿಸಿದರೂ ಎದ್ದಿರುತ್ತಿರಲಿಲ್ಲ.

“ಯೂ-ಯೆ ಅಕ್ಕಾ, ಈ ಡಬ್ಬ ಏಳೋದ್ರೊಳಗೆ ನಾನು ಮನೆಗೆ ಹೋಗಿ ಬಟ್ಟೆ ಒಗ್ದು ಬರ್ಬೋದು,” ಎಂದು ಪೇ-ಶಾನ್ ನಗುತ್ತಿದ್ದಳು.

ಒಂದು ದಿನ ಅವಳು ಕಂಪ್ಯೂಟರ್ ರಿಪೇರಿಯ ಫಾನ್ ಎಂಬವನನ್ನು ಕರೆಸಿದಳು. ಅವನು ಮುಚ್ಚಳ ಬಿಚ್ಚಿ ಧೂಳು ಊದಿದ.

“ಮಿಷಿನ್ ಗಟ್ಟಿಯಾಗಿದೆ. ಒಳಗಿನ ಸಿಸ್ಟಮ್ ಹಳೇದು, ಅದೇ ತೊಂದ್ರೆ. ಹೊಸ ಸಿಸ್ಟಮ್ ಹಾಕಿದ್ರೆ ಓಡುತ್ತೆ.”

“ನನ್ನ ಅಕ್ಷರಗಳು?” ಎಂದಳು ಯೂ-ಯೆ.

“ನಿಮ್ಮ ಫೈಲೆಲ್ಲಾ ತೆಗೆದಿಟ್ಟು ಆಮೇಲೆ ವಾಪಸ್ ಹಾಕ್ತೀನಿ. ಒಂದೂ ಹೋಗಲ್ಲ.”

“ಕೂತು ಕೆಲ್ಸ ಮಾಡೋರು ನೀವು. ನೀವು ಹೂಂ ಅಂದ್ರೆ ಹಾಕ್ಸೋಣ,” ಎಂದಳು ಪೇ-ಶಾನ್.

ಯೂ-ಯೆ ಹೂಂ ಅನ್ನಲಿಲ್ಲ. ಫಾನನಿಗೆ ತನ್ನ ಮಾತು ಅರ್ಥವಾಗಿಲ್ಲವೆಂದು ಅವಳಿಗೆ ಅನಿಸಿತ್ತು. ಆದರೆ ಅದನ್ನು ಹೇಗೆ ಬಿಡಿಸಿ ಹೇಳುವುದೋ ತಿಳಿಯಲಿಲ್ಲ. ಎರಡು ದಿನ ಹಾಗೇ ತಳ್ಳಿದಳು. ಮೂರನೆಯ ದಿನ ಕಾಗದದ ಕಟ್ಟು ತರಲು ಒಳಗೆ ಹೋದಾಗ ಪೇ-ಶಾನ್ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು. “ಮಿಷಿನ್ ಒಂದೇ ಅಲ್ಲ ಕಣೇ, ಅದರ ಮುಂದೆ ಕೂತಿರೋ ಪೀಸೂ ಹಳೇದೇ. ಅದಕ್ಕೆ ಯಾವ ಸಿಸ್ಟಮ್ ಹಾಕ್ಸೋದು ಹೇಳು?”

ಯೂ-ಯೆ ಹೊರಗೆ ಬಂದು ಕಾಗದದ ಕಟ್ಟು ಕೆಳಗಿಟ್ಟಳು. ಮುಖ ಬಿಸಿಯಾಗಿತ್ತು. ಪೇ-ಶಾನ್ ಹೊರಬರುತ್ತಲೇ, “ಹಾಕ್ಸಿಬಿಡಮ್ಮ ಹೊಸದು. ನನಗೇನೂ ಭಯ ಇಲ್ಲ,” ಎಂದಳು.

ಹೊಸ ಸಿಸ್ಟಮ್ ಬಂತು. ಕಂಪ್ಯೂಟರ್ ಗುಂಡಿ ಒತ್ತಿದ ಕೂಡಲೇ ಎದ್ದು ಕೂತಿತು. ಪುಟಗಳು ಸರಸರನೆ ತೆರೆದವು. ಆದರೆ ಅವಳು ಬಿಡಿಸಿದ ಅಕ್ಷರವಿದ್ದ ಕಡೆಯಲ್ಲೆಲ್ಲ ಖಾಲಿ ಚೌಕವಿತ್ತು. ಪುಟ ತಿರುವಿದಷ್ಟೂ ಚೌಕಗಳೇ. ಆ ಅಕ್ಷರಗಳು ಯಾವ ಫೈಲಿನಲ್ಲೂ ಇರಲಿಲ್ಲ, ಹಳೆಯ ಸಿಸ್ಟಮಿನ ಹೊಟ್ಟೆಯಲ್ಲೇ ಇದ್ದವು. ಫಾನ್ ಅದನ್ನು ಪೂರ್ತಿ ಒರೆಸಿದ ಮೇಲೆಯೇ ಹೊಸದನ್ನು ಹಾಕಿದ್ದ.

“ಮೊದ್ಲೇ ಹೇಳ್ಬೇಕಿತ್ತಲ್ಲಕ್ಕಾ,” ಎಂದು ಅವನು ತಲೆ ಕೆರೆದುಕೊಂಡ.

“ಹೇಳಿದ್ದೆ.”

“ಅಕ್ಷರ ಅಂದ್ರೆ ನಾನೇನು ಅಂದ್ಕೊಳ್ಲಿ?”

ಪೇ-ಶಾನ್ ಕೂಗಾಡಲಿಲ್ಲ. “ಹಾಕ್ಸು ಅಂದೋರು ನೀವೇ ಅಲ್ವಾ ಅಕ್ಕ,” ಎಂದಳು, ಅಷ್ಟೇ.

ಆಗ ಕೈಯಲ್ಲಿದ್ದದ್ದು ತೂ ಮನೆತನದ ವಂಶಾವಳಿ. ಚಿಂಗ್‌ಮಿಂಗ್‌ಗೆ ಅಂದರೆ ಹಿರಿಯರ ಗೋರಿಗಳನ್ನು ಗುಡಿಸಿ ಶುಚಿ ಮಾಡುವ ಹಬ್ಬಕ್ಕೆ, ಎಲ್ಲರೂ ಸೇರುವ ದಿನ ಅದನ್ನು ಹಂಚಬೇಕಿತ್ತು. ಉಳಿದಿದ್ದು ಹತ್ತೇ ದಿನ. ಎಂಬತ್ತೇಳು ಚೌಕಗಳಿದ್ದವು. ಯೂ-ಯೆ ಮತ್ತೆ ಚುಕ್ಕಿ ಇಡತೊಡಗಿದಳು. ಕಣ್ಣು ಮೊದಲಿನಂತಿರಲಿಲ್ಲ. ಮೂವತ್ತೊಂದು ಅಕ್ಷರ ಮುಗಿಯುವ ಹೊತ್ತಿಗೆ ಪೇ-ಶಾನ್ ಪಕ್ಕದಲ್ಲಿ ಬಂದು ನಿಂತಳು.

“ಉಳಿದದ್ದಕ್ಕೆ ಅದರ ಥರಾನೇ ಇರೋದು ಯಾವ್ದಾದ್ರೂ ಹಾಕಿ ಅಕ್ಕ.”

“ಅದು ಬೇರೆಯವರ ಹೆಸರಾಗುತ್ತೆ.”

“ಸತ್ತವರು ಬಂದು ಪ್ರೂಫ್ ನೋಡ್ತಾರಾ?”

ಯೂ-ಯೆ ಹಾಕಿದಳು. ಐವತ್ತಾರು ಮಂದಿಗೆ ಅವರದಲ್ಲದ ಹೆಸರು ಕೊಟ್ಟಳು.

ಪುಸ್ತಕಗಳು ಹೋದವು. ಪ್ರತಿ ಸಲ ಫೋನ್ ಬಂದಾಗಲೂ ತೂ ಮನೆತನದವರದೇ ಇರಬೇಕೆಂದು ಅವಳು ಹೆದರುತ್ತಿದ್ದಳು. ಯಾರಾದರೂ ಬಂದು ಬೈಯಲಿ, ನಮ್ಮಜ್ಜನ ಹೆಸರು ಇದಲ್ಲ ಎಂದು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಲಿ ಎಂದೂ ಒಳಗೊಳಗೇ ಕಾದಳು. ಎರಡು ವಾರದ ನಂತರ ತೂ ಮನೆತನದ ಹಿರಿಯ ಒಂದು ಬುಟ್ಟಿ ಸೀಬೆಹಣ್ಣು ಹಿಡಿದು ಬಂದ. “ಈ ಸಲ ಎಷ್ಟು ಬೇಗ ಕೊಟ್ರಿ! ಅಕ್ಷರಗಳೂ ಎಷ್ಟು ಚೊಕ್ಕವಾಗಿವೆ,” ಎಂದು ಹೊಗಳಿದ. ಪೇ-ಶಾನ್ ಚಹಾ ಕೊಟ್ಟು ಉಪಚರಿಸಿದಳು. ಯೂ-ಯೆ ತಲೆಯೆತ್ತಲಿಲ್ಲ.

ಮಾರನೆಯ ದಿನ ಮತ್ತೊಂದು ಮನೆತನದ ಕೆಲಸ ಬಂತು. ಎಂಟನೆಯ ಪುಟದಲ್ಲಿ ಎಳವೆಯಲ್ಲೇ ಸತ್ತ ಒಬ್ಬ ಹುಡುಗಿಯ ಹೆಸರು, ಕಂಪ್ಯೂಟರಿನಲ್ಲಿ ಇಲ್ಲದ ಅಕ್ಷರ. ಯೂ-ಯೆ ಚೌಕುಳಿ ತೆರೆಯಲಿಲ್ಲ, ಯಾರನ್ನೂ ಕೇಳಲಿಲ್ಲ. ಅದನ್ನು ಹೋಲುವ ಇನ್ನೊಂದನ್ನು ಹಾಕಿ ಮುಂದಿನ ಹೆಸರಿಗೆ ಹೋದಳು.