ಕಾಲು ನೋಡುತ್ತಿದ್ದ ರೆಫರಿ

ಚೆಂಡು ಎಲ್ಲೇ ಇರಲಿ, ಅವರು ನೋಡುತ್ತಿದ್ದುದು ನಮ್ಮ ಕಾಲುಗಳನ್ನು. ಚಳ್ಳಕೆರೆಯ ಮಣ್ಣಿನ ಮೈದಾನದಲ್ಲಿ ನಮ್ಮ ಬ್ಯಾಸ್ಕೆಟ್‌ಬಾಲ್ ಆಟಕ್ಕೆಲ್ಲ ಅವರೇ ರೆಫರಿ. ಸೀಟಿ ಊದಿ, ಎರಡು ಮುಷ್ಟಿಗಳನ್ನು ಒಂದರ ಸುತ್ತ ಒಂದು ತಿರುಗಿಸಿ, “ಟ್ರಾವೆಲಿಂಗ್! ಕಾಲು ಹೇಳ್ತೈತೆ, ನಾನಲ್ಲ” ಎನ್ನುತ್ತಿದ್ದರು. ಚೆಂಡನ್ನು ನೆಲಕ್ಕೆ ಪುಟಿಸದೆ ಕೈಯಲ್ಲಿ ಹಿಡಿದೇ ನಡೆದರೆ ಆ ತಪ್ಪು.

ಆ ಸೀಟಿ ಹೆಚ್ಚಾಗಿ ನನಗೇ. ನಾನು ಶೇಂಗಾ ಮಿಲ್ಲಿನ ಹಮಾಲಿ. ಬೆನ್ನಿಗೆ ಮೂಟೆ ಬಿದ್ದೊಡನೆ ಭಾರ ಹೊಂದಿಸಲು ಎರಡೂ ಕಾಲು ಸರಿಸುವುದು ನಮ್ಮ ರೂಢಿ. ಚೆಂಡು ಹಿಡಿದಾಗಲೂ ಹಾಗೇ ಮಾಡುತ್ತಿದ್ದೆ.

“ಮೊಳಕಾಲ್ಮೂರಿನ ಮ್ಯಾಚಿಗೆ ಇವನು ಬ್ಯಾಡ್ರಿ ಸರ್” ಎಂದ ನಮ್ಮ ಕ್ಯಾಪ್ಟನ್.

ಮರುದಿನ ಅವರು ಮಿಲ್ಲಿಗೇ ಬಂದು ನಾನು ಮೂಟೆ ಹೊರುವುದನ್ನು ನೋಡುತ್ತ ನಿಂತರು. “ಲೇ, ಚೆಂಡಿಗೆ ಅಷ್ಟು ಭಾರ ಇಲ್ಲ ಕಣಲೇ. ಒಂದು ಕಾಲು ಊರು, ಇನ್ನೊಂದು ಎತ್ತಲಾದ್ರೂ ತಿರುಗಲಿ” ಎಂದು ವಾರವಿಡೀ ಶೇಂಗಾ ಸಿಪ್ಪೆಯ ಮೇಲೆ ನನ್ನನ್ನು ತಿರುಗಿಸಿದರು.

ಮೊಳಕಾಲ್ಮೂರಿನವರ ಎದುರು ಆಡಿದೆ. ಚೆಂಡು ಹಿಡಿದು, ಎಡಗಾಲು ಊರಿ, ತಿರುಗಿ ಎಸೆದೆ, ಬುಟ್ಟಿಗೆ ಬಿತ್ತು.

“ನಡಿಚಾಡು ಸಾರ್, ನಡಿಚಾಡು!” ನಡೆದುಬಿಟ್ಟ ಎಂದು ಆ ಊರಿನ ನೇಕಾರರ ಹುಡುಗರು ತೆಲುಗಿನಲ್ಲಿ ಕೂಗುತ್ತ ನುಗ್ಗಿದರು.

ರೆಫರಿ ಸೀಟಿ ಊದಲಿಲ್ಲ. ಬಗ್ಗಿ, ನನ್ನ ಕಾಲು ಕೊರೆದ ಗುಳಿ ತೋರಿಸಿದರು. “ನೋಡ್ರಪ್ಪ, ಒಂದೇ ಐತೆ. ನಡೆದಿದ್ರೆ ಎರಡು ಇರ್ತಿತ್ತು.”

ಎಲ್ಲರೂ ನೋಡುವವರೆಗೂ ಅದನ್ನು ಯಾರೂ ತುಳಿಯದಂತೆ ಕೈ ಅಡ್ಡ ಹಿಡಿದೇ ಇದ್ದರು. ನನ್ನ ಹೆಜ್ಜೆಯನ್ನು ಅಷ್ಟು ಜೋಪಾನ ಮಾಡಿದವರು, ಅವ್ವನನ್ನು ಬಿಟ್ಟರೆ, ಅವರೊಬ್ಬರೇ.